ಹಳೆಯ ಸ್ತರಭಂಗಗಳ ಮರುಚಲನೆ

ಸಂಸ್ಕೃತದಲ್ಲಿ ಭೂಮಿಗೆ 'ಅಚಲಾ', 'ಸ್ಥಿರಾ' ಎಂಬ ಪರ್ಯಾಯನಾಮಗಳಿವೆ. ನಮ್ಮ ಉಣಕಲ್ಲಿನ ಸುತ್ತಲಿನ ನೆಲಕ್ಕಂತೂ ಈ ಹೆಸರುಗಳು ಚೆನ್ನಾಗಿ ಒಪ್ಪುತ್ತವೆಂದು ಬಹುಕಾಲದ ನಂಬಿಕೆ. ಇಲ್ಲಿಯ ಶಿಲೆಗಳು 250 ಕೋಟಿ ವರ್ಷಗಳಿಗೂ ಹಿಂದಿನವು. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ 1880ರ ದಶಕದಲ್ಲಿ ಇವುಗಳ ಸಮೂಹಕ್ಕೆ ಧಾರವಾಡದ ಹೆಸರನ್ನೇ ಇಟ್ಟನು. ಇಂಥ ಪುರಾತನ ಭೂಭಾಗ ಅಲುಗಾಡದೆಂಬ ಭಾವನೆಯನ್ನು 1993ರ ಕಿಲ್ಲಾರಿ ಭೂಕಂಪವೂ 2001ರ ಕಚ್ಛ ಭೂಕಂಪವೂ ಪರೀಕ್ಷೆಗೊಡ್ಡಿದವು. ಹಳೆಯ ನೆಲ ಏಕೆ ಕಂಪಿಸುತ್ತದೆ ಎಂಬುದಕ್ಕೆ ಒಂದು ಮುಖ್ಯ ಉತ್ತರವನ್ನು ಇಲ್ಲಿ ವಿವೇಚಿಸಲಾಗಿದೆ.

ಶಿಲಾರಾಶಿ ಒಡೆದು, ಒಡಕಿನ ಎರಡು ಪಕ್ಕಗಳು ಒಂದರ ಮೇಲೊಂದು ಸರಿದಿದ್ದರೆ ಅದಕ್ಕೆ ಸ್ತರಭಂಗವೆನ್ನುತ್ತಾರೆ. ಭೂಚಿಪ್ಪನ್ನು ಎರಡು ಕಡೆಗೆ ಎಳೆಯುವ ಕರ್ಷಣಬಲವಿದ್ದಾಗ, ಓರೆಯಾದ ಒಡಕಿನ ಮೇಲಿನ ತುಂಡು ಕೆಳಕ್ಕೆ ಜಾರುತ್ತದೆ. ಇದು ಸಾಮಾನ್ಯ ಸ್ತರಭಂಗ. ಎರಡು ಕಡೆಯಿಂದ ಒತ್ತುವ ಸಂಪೀಡನಬಲವಿದ್ದಾಗ ಮೇಲಿನ ತುಂಡು ಮೇಲಕ್ಕೇರುತ್ತದೆ. ಇದು ವಿಲೋಮ ಸ್ತರಭಂಗ. ಒಂದು ಮರದ ತುಂಡನ್ನು ಓರೆಯಾಗಿ ಕೊಯ್ದು, ಭಾಗಗಳನ್ನು ಒಮ್ಮೆ ದೂರಕ್ಕೆ ಸರಿಸಿ, ಒಮ್ಮೆ ಪರಸ್ಪರ ಒತ್ತಿ ತೋರಿಸಿದರೆ ಕೆಳತರಗತಿಯ ವಿದ್ಯಾರ್ಥಿಗೂ ಇದು ಮನದಟ್ಟಾಗುತ್ತದೆ.

ಕರ್ಷಣದಿಂದ ಹುಟ್ಟುವ ಒಡಕು ಸಾಧಾರಣವಾಗಿ ಕ್ಷಿತಿಜತಲಕ್ಕೆ 60 ಡಿಗ್ರಿಯಷ್ಟು ಕಡಿದಾಗಿರುತ್ತದೆ. ಸಂಪೀಡನದಿಂದ ಹೊಸದಾಗಿ ಹುಟ್ಟುವ ಒಡಕಾದರೋ 30 ಡಿಗ್ರಿಯಷ್ಟು ಮಾತ್ರ ಓರೆಯಾಗಿರುತ್ತದೆ. ಹಾಗಿದ್ದರೆ ಒತ್ತುವ ಬಲವು ಹೊಸ ಒಡಕನ್ನು ಮಾಡಿಕೊಳ್ಳದೆ ಕಡಿದಾದ ಹಳೆಯ ಒಡಕನ್ನೇ ಏಕೆ ಆಶ್ರಯಿಸಬೇಕು? ನಮ್ಮ ಎರೆಭೂಮಿಯ ಮನೆಗಳಲ್ಲಿ ಇದಕ್ಕೆ ದೃಷ್ಟಾಂತವಿದೆ. ಬಿರಿದ ಗೋಡೆಗೆ ಎಷ್ಟು ಗಿಲಾವು ಮಾಡಿದರೂ ಮರುವರ್ಷ ಬಿರುಕು ಅದೇ ಸ್ಥಳದಲ್ಲಿ ಕಾಣಿಸಿಕೊಳ್ಳುತ್ತದೆ. ಅಖಂಡ ಶಿಲೆಯನ್ನು ಸೀಳುವುದಕ್ಕಿಂತ, ಹಿಂದೆಯೇ ಸೀಳಿದ್ದನ್ನು ಸರಿಸುವುದು ಸುಲಭ. ಹಳೆಯ ಸ್ತರಭಂಗದಲ್ಲಿ ಶಿಲೆ ಅರೆದು ನುಣ್ಣಗಿನ ಜೇಡಿಯಾಗಿರುತ್ತದೆ. ಅದರೊಳಗೆ ಸಿಲುಕಿದ ನೀರು ಎರಡು ಪಕ್ಕಗಳನ್ನೂ ದೂಡಿ ಘರ್ಷಣೆಯನ್ನು ತಗ್ಗಿಸುತ್ತದೆ. ಹೀಗೆ ಒಂದು ಕಾಲದಲ್ಲಿ ಕೆಳಗೆ ಜಾರಿದ ದಾರಿಯಲ್ಲೇ ಶಿಲೆ ಮತ್ತೆ ಮೇಲೇರುತ್ತದೆ.

ಇದರ ಪ್ರಸಿದ್ಧ ನಿದರ್ಶನ ಗುಜರಾತದ ಕಚ್ಛ. ಸುಮಾರು 20 ಕೋಟಿ ವರ್ಷಗಳ ಹಿಂದೆ ಗೊಂಡ್ವಾನ ಮಹಾಖಂಡವು ಒಡೆಯತೊಡಗಿದ ಕಾಲದಲ್ಲಿ ಅಲ್ಲಿಯ ನೆಲ ಎಳೆತಕ್ಕೆ ಸಿಕ್ಕಿ ಸೀಳುಕಣಿವೆಯಾಯಿತು. ತಗ್ಗಿನಲ್ಲಿ ಸಮುದ್ರ ನುಗ್ಗಿ, ಜಲಜಶಿಲೆಗಳು ದಪ್ಪನಾಗಿ ಶೇಖರಗೊಂಡವು. ಅನಂತರ ಭಾರತ ಭೂಖಂಡವು ಉತ್ತರಕ್ಕೆ ಚಲಿಸಿ, ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಖಂಡಕ್ಕೆ ತಾಗಿತು. ಈಗಲೂ ಅದು ವರ್ಷಕ್ಕೆ ಸುಮಾರು 4ರಿಂದ 5 ಸೆಂಟಿಮೀಟರಿನಂತೆ ಉತ್ತರಕ್ಕೆ ಸಾಗುತ್ತಿದೆ. ಎಳೆತದ ಸ್ಥಾನದಲ್ಲಿ ಒತ್ತಡ ಬಂದಿತು. ಕಣಿವೆಯ ತಳದಲ್ಲಿ ಸಂಗ್ರಹವಾಗಿದ್ದ, ಸಮುದ್ರಜೀವಿಗಳ ಪಳೆಯುಳಿಕೆಗಳುಳ್ಳ ಶಿಲೆಗಳು ಇಂದು ಕಚ್ಛದ ಗುಡ್ಡಗಳಲ್ಲಿ ಕಾಣುತ್ತಿರುವುದು ಈ ವಿಪರ್ಯಾಸದ ಫಲವೇ. ಇಂಥ ಮರುಚಲನೆ ಪೂರ್ಣವಾಗದಿದ್ದಲ್ಲಿ ಒಂದೇ ಸ್ತರಭಂಗದಲ್ಲಿ ಆಳದ ಪದರಗಳು ಇನ್ನೂ ಕುಸಿದಂತೆಯೂ ಮೇಲಿನ ಪದರಗಳು ಎದ್ದಂತೆಯೂ ತೋರುವುದುಂಟು. ಎರಡು ಕಾಲದ ಚರಿತ್ರೆ ಒಂದೇ ಗೆರೆಯಲ್ಲಿ ಬರೆದಂತಾಗಿರುತ್ತದೆ.

1819ರ ಜೂನ್ 16ರಂದು ಅಲ್ಲಿ ಘಟಿಸಿದ ಭೂಕಂಪದಿಂದ 80 ಕಿಲೋಮೀಟರಿಗೂ ಉದ್ದವಾದ ಏರಿಯೊಂದು ಎದ್ದು, ಸಿಂಧೂನದಿಯ ಕವಲೊಂದಕ್ಕೆ ಅಡ್ಡವಾಯಿತು. ಮನುಷ್ಯನು ಕಟ್ಟದ ಈ ಒಡ್ಡನ್ನು ಜನರು 'ಅಲ್ಲಾ ಬಂಡ್' ಎಂದರು. 2001ರ ಜನವರಿ 26ರ ಬೆಳಿಗ್ಗೆ 7.7 ಪ್ರಮಾಣದ ಭೂಕಂಪ ಸಂಭವಿಸಿತು. ಆಗ ಸರಿದ ಸ್ತರಭಂಗವು ನೆಲದ ಮೇಲೆ ತಲೆದೋರಲಿಲ್ಲ; ಸುಮಾರು 50 ಡಿಗ್ರಿ ಓರೆಯಾಗಿ ಆಳದಲ್ಲೇ ಅಡಗಿತ್ತು. ಅಂಜಾರ ಪಟ್ಟಣದಲ್ಲಿ ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ಇಕ್ಕಟ್ಟಾದ ಬೀದಿಯಲ್ಲಿ ಸಾಗುತ್ತಿದ್ದ 185 ವಿದ್ಯಾರ್ಥಿಗಳೂ 20 ಶಿಕ್ಷಕರೂ ಕಟ್ಟಡಗಳು ಕುಸಿದು ಮಡಿದರು. ಶಾಲೆಯೊಂದರ ಸಂಚಿಕೆಯಲ್ಲಿ ಈ ಸಂಗತಿಯನ್ನು ಸ್ಮರಿಸದೆ ಮುಂದೆ ಹೋಗಲಾಗದು.

ನಮಗೆ ಹೆಚ್ಚು ಸಮೀಪದ ಕಿಲ್ಲಾರಿಯಲ್ಲಿ ಕಚ್ಛದಂಥ ಸೀಳುಕಣಿವೆ ಕಣ್ಣಿಗೆ ಕಾಣುವುದಿಲ್ಲ. ನೆಲವೆಲ್ಲ ಕಪ್ಪು ಲಾವಾಶಿಲೆಯ ಹೊದಿಕೆ. ಆದರೂ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಅಲ್ಲಿ ನಡೆದದ್ದು ವಿಲೋಮ ಚಲನೆಯೇ, ಒತ್ತಿದ ಬಲವೂ ಅದೇ. ಅದರ ಪ್ರಮಾಣ 6.2 ಮಾತ್ರ; ಆದರೆ ಮಡಿದವರು ಹತ್ತು ಸಾವಿರದ ಸಮೀಪ. ದಪ್ಪ ಕಲ್ಲುಗಳನ್ನು ಮಣ್ಣಿನಲ್ಲಿ ಕೂಡಿಸಿ ಕಟ್ಟಿದ ಗೋಡೆಗಳೂ ಭಾರವಾದ ಮಣ್ಣಿನ ಮಾಳಿಗೆಗಳೂ ಮಲಗಿದ್ದವರ ಮೇಲೆ ಬಿದ್ದವು. ಅಂದಿನ ಭೂಕಂಪ ನಕ್ಷೆಯಲ್ಲಿ ಆ ಪ್ರದೇಶ ಅತ್ಯಂತ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿತ್ತು! 2002ರ ಪರಿಷ್ಕೃತ ನಕ್ಷೆಯಲ್ಲಿ ಒಂದನೆಯ ವಲಯವನ್ನೇ ಕೈಬಿಡಲಾಯಿತು. ಧಾರವಾಡವನ್ನು ಮೂರನೆಯ ವಲಯದಲ್ಲಿ ಸೇರಿಸಲಾಯಿತು.

ಇದರಿಂದ ಯಾರೂ ಭೀತರಾಗಬೇಕಾಗಿಲ್ಲ. ಹಳೆಯ ಸ್ತರಭಂಗಗಳೆಲ್ಲವೂ ಎಚ್ಚರಗೊಳ್ಳುವುದಿಲ್ಲ. ಬಲದ ದಿಕ್ಕಿಗೆ ಅನುಕೂಲವಾಗಿ ನಿಂತವು ಮಾತ್ರ ಸರಿಯುತ್ತವೆ, ಅದೂ ಸುದೀರ್ಘ ಕಾಲಾಂತರದಲ್ಲಿ. ಆದರೆ ಯಾವುದು, ಎಂದು ಎಂಬುದನ್ನು ಮುಂಚಿತವಾಗಿ ಹೇಳುವ ಶಾಸ್ತ್ರ ಇನ್ನೂ ಸಿದ್ಧಿಸಿಲ್ಲವಾದ್ದರಿಂದ, ನಮ್ಮ ಕೈಯಲ್ಲಿರುವುದು ಕಟ್ಟಡವೊಂದೇ. ಬಾಗಿಲು ಕಿಟಕಿಗಳ ನೆತ್ತಿಯ ಮಟ್ಟದಲ್ಲಿ ಸುತ್ತಲೂ ಬಿಗಿದ ಕಾಂಕ್ರೀಟಿನ ಪಟ್ಟಿ, ಕಲ್ಲುಗೋಡೆಯ ಒಳಹೊರ ಮುಖಗಳನ್ನು ಬೆಸೆಯುವ ಉದ್ದನೆಯ ಕಲ್ಲುಗಳು, ಹಗುರವಾದ ಮೇಲ್ಚಾವಣಿ, ಹೊರಕ್ಕೆ ತೆರೆಯುವ ಅಗಲವಾದ ಬಾಗಿಲು — ಇವು ಬಹು ವೆಚ್ಚದವಲ್ಲ. ಶಾಲೆಗೆ ಕೋಣೆಯೊಂದನ್ನು ಕಟ್ಟಿಸಿಕೊಡುವ ದಾನಿಗಳು ಗೋಡೆಯ ಮೇಲಿನ ಹೆಸರಿನ ಕಲ್ಲಿಗಿಂತ ಮೊದಲು ಗೋಡೆಯೊಳಗಿನ ಈ ಪಟ್ಟಿಯನ್ನು ವಿಚಾರಿಸಲಿ. ಶಿಕ್ಷಕರು ಭೂಗೋಳದ ಪಾಠದೊಡನೆ ಇದನ್ನೂ ಕಲಿಸಲಿ. ಕಲಿತು ಹೊರಹೋದವರು ತಮ್ಮ ಮನೆಗಳನ್ನು ಹಾಗೆ ಕಟ್ಟಿಕೊಂಡಾಗ ಆ ಪಾಠ ಸಾರ್ಥಕವಾಗುತ್ತದೆ.