ನೀರಿನ ಜಾಡು ಹಿಡಿ, ತಂಗೀ

ಈ ಸಲ ಮೊದಲ ಓಟು ನಿನ್ನದು. "ಎಲ್ಲಾ ಓದಿಕೊಂಡ ಹಾಕ್ತೀನಿ ಅಜ್ಜಾ" ಅಂದೆಯಲ್ಲ, ಆ ಮಾತು ಮನಸ್ಸಿಗೆ ಹಿಡಿಸಿತು. ಆದರೆ ಎಲ್ಲಾ ಅಂದರೆ ಎಷ್ಟು? ದಿಲ್ಲಿಯ ಬಜೆಟ್ಟಿನಿಂದ ಹಿಡಿದು ನಮ್ಮ ಓಣಿಯ ಗಟಾರದವರೆಗೆ ಎಲ್ಲವನ್ನೂ ಅರೆದು ಕುಡಿಯುವಷ್ಟರಲ್ಲಿ ಇನ್ನೊಂದು ಎಲೆಕ್ಷನ್ ಬಂದಿರುತ್ತದೆ. ನನ್ನ ಮಾತು ಕೇಳುವುದಾದರೆ ಒಂದೇ ವಿಷಯ ಹಿಡಿ, ಬೇರು ಸಿಗುವವರೆಗೆ ಕೆದಕು. ಚಿಕ್ಕನರಗುಂದದಲ್ಲಿ ಹುಟ್ಟಿದವಳು ಆ ವಿಷಯವನ್ನು ಹುಡುಕಿಕೊಂಡು ಹೋಗಬೇಕಿಲ್ಲ. ನೀರೇ ಅದು.

1980ರ ಜುಲೈ 21ರಂದು ನರಗುಂದದಲ್ಲಿ ಪೊಲೀಸರ ಗುಂಡಿಗೆ ಬಿದ್ದ ವೀರಪ್ಪ ಕಡ್ಲಿಕೊಪ್ಪ ನಮ್ಮೂರಿನವರು. ವರ್ಷಾ ಅದೇ ದಿನ ವೀರಗಲ್ಲಿಗೆ ಮಾಲೆ ಬೀಳುತ್ತದೆ, ಮೈಕು ಕೂಗುತ್ತದೆ. ಅವತ್ತು ರೈತರು ತಹಶೀಲ್ದಾರ ಕಚೇರಿಗೆ ಯಾಕೆ ಹೋಗಿದ್ದರು ಅಂತ ನಿನ್ನ ವಾರಿಗೆಯವರನ್ನು ಕೇಳಿ ನೋಡು. "ನೀರು ಬೇಕಂತ" ಅನ್ನುತ್ತಾರೆ. ಅದು ಅರ್ಧ ಮಾತು. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಆಗಿತ್ತು, ಕಾಲುವೆ ತೋಡಿದ್ದರು. ಆದರೆ ನೀರು ನೆಟ್ಟಗೆ ಹೊಲ ಮುಟ್ಟುವ ಮೊದಲೇ ನೀರಿನ ಕರ ಬಂತು, ಭೂಮಿಯ ಬೆಲೆ ಏರಿತೆಂದು ಹೇರುವ ಬೆಟರ್‌ಮೆಂಟ್ ಲೆವಿಯೂ ಬಂತು. ಅದೇ ಹೊತ್ತಿಗೆ ಹತ್ತಿಯ ದರ ನೆಲ ಕಚ್ಚಿತ್ತು. ಜಗಳ ಇದ್ದದ್ದು ಲೆಕ್ಕದ ಮೇಲೆ: ಬಾರದ ನೀರಿಗೆ ಕರ ಎಲ್ಲಿಯದು? ಅಂದೇ ನವಲಗುಂದದ ಕಡೆಯೂ ಗುಂಡು ಹಾರಿ ಅಳಗವಾಡಿಯ ಬಸಪ್ಪ ಲಕ್ಕುಂಡಿ ತೀರಿಕೊಂಡರು. ನರಗುಂದದಲ್ಲಿ ಪೊಲೀಸರ ಜೀವವೂ ಹೋಯಿತು. ಭಾಷಣ ಮಾಡುವವರು ಈ ಮಾತು ಎತ್ತುವುದು ಕಡಿಮೆ, ನೀನು ಅದನ್ನೂ ತಿಳಿದಿರು. ಮುಂದೆ 1983ರ ಜನವರಿಯಲ್ಲಿ ಆಗಿನ ಮುಖ್ಯಮಂತ್ರಿ ಗುಂಡೂರಾಯರ ಕಾಂಗ್ರೆಸ್ ಪಕ್ಷ ಸೋತು ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾದರು, ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ನಮ್ಮ ಬಂಡಾಯವೊಂದೇ ಆ ಸರ್ಕಾರವನ್ನು ಕೆಡವಿತು ಅಂತ ಎದೆ ತಟ್ಟಿಕೊಳ್ಳುವವರಿದ್ದಾರೆ. ಅಷ್ಟು ನಂಬಬೇಡ. ಆದರೆ ಒಂದು ತಾಲೂಕಿನ ಕರದ ಜಗಳ ಇಡೀ ರಾಜ್ಯದ ಮಾತಾಯಿತು ಅನ್ನುವುದು ಖರೇ.

ಈಗಿನ ಮಾತಿಗೆ ಬಾ. 2015ರ ಜುಲೈನಲ್ಲಿ ನರಗುಂದದಲ್ಲಿ ಮಹದಾಯಿ ನದಿಯ ನೀರಿಗಾಗಿ ಧರಣಿ ಕೂತಾಗ ನೀನು ಶಾಲೆಯ ಹುಡುಗಿ. ಅಂದಿನಿಂದ ಯಾವ ಪಕ್ಷದ ವೇದಿಕೆಯೇ ಇರಲಿ, "ಮಹದಾಯಿ ತಂದೇ ತರ್ತೀವಿ" ಅನ್ನದೆ ಕೆಳಗೆ ಇಳಿದವರಿಲ್ಲ. ಇಲ್ಲಿಯೇ ನೀನು ಪೆನ್ನು ತೆಗೆಯಬೇಕು. ಮಲಪ್ರಭೆಗೆ ತಿರುಗಿಸಲು ರಾಜ್ಯ ಕೇಳಿದ್ದು 7.56 ಟಿಎಂಸಿ. ಮಧ್ಯಂತರವಾಗಿ ಅಷ್ಟನ್ನಾದರೂ ಕೊಡಿ ಎಂಬ ಅರ್ಜಿಯನ್ನು ಮಹದಾಯಿ ಜಲವಿವಾದ ನ್ಯಾಯಮಂಡಳಿ 2016ರ ಜುಲೈ 27ರಂದು ತಳ್ಳಿಹಾಕಿತು. 2018ರ ಆಗಸ್ಟ್‌ನಲ್ಲಿ ಅಂತಿಮ ತೀರ್ಪು ಬಂದು ರಾಜ್ಯಕ್ಕೆ ಒಟ್ಟು 13.42 ಟಿಎಂಸಿ ಸಿಕ್ಕಾಗ ನಮ್ಮ ಕಡೆ ಪಟಾಕಿ ಹಾರಿಸಿದವರೂ ಇದ್ದರು. ಒಳಗೆ ಬಿಡಿಸಿ ನೋಡು: ಅದರಲ್ಲಿ 8.02 ವಿದ್ಯುತ್ತಿಗೆ, 1.5 ಮಹದಾಯಿ ಕೊಳ್ಳದೊಳಗಿನ ಬಳಕೆಗೆ. ಕಳಸಾ ಹಳ್ಳದಿಂದ 1.72, ಬಂಡೂರಿ ಹಳ್ಳದಿಂದ 2.18 ಕೂಡಿ ಮಲಪ್ರಭೆಗೆ ಬರಬೇಕಾದದ್ದು 3.9 ಟಿಎಂಸಿ, ಅದೂ ಕುಡಿಯುವ ನೀರಿಗೆ. ನವಿಲುತೀರ್ಥದ ಜಲಾಶಯ ಹಿಡಿಯುವುದು 37 ಟಿಎಂಸಿಗೂ ಹೆಚ್ಚು. ಅಂದಮೇಲೆ "ಮಹದಾಯಿ ಬಂದರೆ ನಿಮ್ಮ ಹೊಲ ಹಸಿರಾಗ್ತಾವ" ಅನ್ನುವ ಅಭ್ಯರ್ಥಿಗೆ ಕೇಳಬೇಕಾದ ಪ್ರಶ್ನೆ ನಿನಗೇ ಹೊಳೆದಿರಬೇಕು.

ಜಾಡು ಅಲ್ಲಿಗೆ ಮುಗಿಯಲಿಲ್ಲ. 2020ರ ಫೆಬ್ರವರಿಯಲ್ಲಿ ತೀರ್ಪು ಕೇಂದ್ರದ ಗೆಜೆಟ್ಟಿನಲ್ಲಿ ಬಂತು. 2022ರ ಡಿಸೆಂಬರಿನಲ್ಲಿ ಪರಿಷ್ಕೃತ ಯೋಜನಾ ವರದಿಗೆ ಕೇಂದ್ರ ಜಲ ಆಯೋಗ ಒಪ್ಪಿತು. ಆಮೇಲೆ ಗಂಟು ಬಿದ್ದದ್ದು ಅರಣ್ಯ, ವನ್ಯಜೀವಿ ಅನುಮತಿಯಲ್ಲಿ. ಈಗ ಹೇಳು, ಅನುಮತಿ ಯಾಕೆ ಸಿಕ್ಕಿಲ್ಲ ಅಂತ ಕೇಳುವುದು ಎಂಎಲ್ಎಯನ್ನೋ ಎಂಪಿಯನ್ನೋ? ಕಾಲುವೆಯ ಹೂಳು ತೆಗೆಸಲಿಲ್ಲ ಅಂತ ಬೈಯುವುದು ಯಾರನ್ನು? ವನ್ಯಜೀವಿ ಅನುಮತಿ ದಿಲ್ಲಿಯ ಕೆಲಸ. ಕಾಲುವೆ ಕರ್ನಾಟಕ ನೀರಾವರಿ ನಿಗಮದ್ದು, ಅಂದರೆ ಬೆಂಗಳೂರಿನದು. ನಳದ ನೀರು ಮೂರು ದಿನ ಬರಲಿಲ್ಲ ಅಂದರೆ ಮೊದಲು ಪಂಚಾಯ್ತಿ ಕಟ್ಟೆ ಹತ್ತು. ಎಲ್ಲದಕ್ಕೂ ಒಬ್ಬನನ್ನೇ ಬೈದರೆ ಉಳಿದವರಿಗೆ ಆರಾಮ. ಇನ್ನೊಂದು ಸಂಗತಿ ನಮ್ಮ ಹುಡುಗರಿಗೇ ಗೊತ್ತಿರುವುದಿಲ್ಲ: ಜಿಲ್ಲೆ ಗದಗ ಆದರೂ ನರಗುಂದ ಕ್ಷೇತ್ರ ಲೋಕಸಭೆಗೆ ಬಾಗಲಕೋಟೆಗೆ ಸೇರುತ್ತದೆ. ಪಕ್ಕದ ರೋಣದವರು ಹಾವೇರಿಗೆ. ಗದಗಿನಲ್ಲಿ ಓದುವ ನಿನ್ನ ಗೆಳತಿಯ ಎಂಪಿ ನಿನ್ನ ಎಂಪಿ ಅಲ್ಲ.

ಎಂಪಿ, ಎಂಎಲ್ಎ ಚುನಾವಣೆಗೆ ನಿಂತವರ ಬಗ್ಗೆ ತಿಳಿಯಲು ಕಟ್ಟೆಯ ಮಾತಿಗಿಂತ ಅವರದೇ ಅಫಿಡವಿಟ್ ವಾಸಿ. ನಾಮಪತ್ರದ ಜೊತೆ ಕೊಡುವ ಫಾರ್ಮ್ 26 ಅದು. ಆಸ್ತಿ, ಸಾಲ, ಓದು, ಮೇಲಿರುವ ಕೇಸು ಎಲ್ಲಾ ಅವರ ಕೈಯಿಂದಲೇ ಬರೆದಿರುತ್ತಾರೆ, ಚುನಾವಣಾ ಆಯೋಗ ಅದನ್ನು ಜಾಲತಾಣದಲ್ಲಿ ಹಾಕುತ್ತದೆ. ಹಿಂದೆಯೂ ನಿಂತವರಾದರೆ ಹಳೆಯ ಅಫಿಡವಿಟ್ಟನ್ನು ಪಕ್ಕಕ್ಕಿಟ್ಟು ಓದು. ಐದು ವರ್ಷದಲ್ಲಿ ಏನು ಬೆಳೆದಿದೆ ಅಂತ ಕಾಣುತ್ತದೆ (ಬೆಳೆದದ್ದೆಲ್ಲ ಕದ್ದದ್ದಲ್ಲ, ಭೂಮಿಯ ದರವೂ ಏರಿರುತ್ತದೆ, ತಾಳ್ಮೆಯಿಂದ ಓದು). ಗೆದ್ದವರು ಸದನದಲ್ಲಿ ಏನು ಕೇಳಿದರು ಅನ್ನುವುದೂ ಸಿಗುತ್ತದೆ. ವಾಟ್ಸಾಪಿನಲ್ಲಿ ಬಂದದ್ದನ್ನು ಓದಬೇಡ ಅಂದರೆ ನೀನು ಕೇಳುವವಳಲ್ಲ. ಓದು, ಆದರೆ ತಾರೀಖು, ಊರು, ಅಂಕಿ ಮೂರೂ ಇಲ್ಲದ್ದನ್ನು ಮುಂದೆ ಕಳಿಸಬೇಡ.

ಪಟ್ಟಿಯಲ್ಲಿ ಹೆಸರು ಇದೆಯೋ ನೋಡಿಕೊಂಡೆಯಾ? ಇಲ್ಲದಿದ್ದರೆ ಫಾರ್ಮ್ 6 ತುಂಬು. ಮೊದಲಿನಂತೆ ಜನವರಿ 1ರವರೆಗೆ ಕಾಯುವುದಿಲ್ಲ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಖಿಗೆ 18 ತುಂಬಿದವರಿಗೂ ಈಗ ಅವಕಾಶ ಇದೆ.

ಕೊನೆಯ ಎರಡು ದಿನ ಪ್ರಚಾರ ನಿಲ್ಲುತ್ತದೆ, ಮನೆಯೊಳಗೆ ಶುರುವಾಗುತ್ತದೆ. ನಮ್ಮ ಮಂದಿ, ನಮ್ಮ ಜಾತಿ, ನಿಮ್ಮಪ್ಪ ಮಾತು ಕೊಟ್ಟುಬಂದಾನ ಅಂತ ಅಡುಗೆಮನೆಯಲ್ಲಿಯೇ ಹೇಳುತ್ತಾರೆ. ಎದುರು ವಾದಿಸಿ ಮನಸ್ಸು ಕೆಡಿಸಿಕೊಳ್ಳಬೇಡ, ಹೂಂ ಅನ್ನಲೂ ಬೇಡ. ಯಂತ್ರದ ಮುಂದೆ ನಿಲ್ಲುವವಳು ನೀನೊಬ್ಬಳೇ. ಹೊರಗೆ ಬಂದಮೇಲೆ ಯಾರಿಗೆ ಹಾಕಿದಿ ಅಂತ ಅಪ್ಪ ಕೇಳಿದರೂ ಹೇಳಬೇಕೆಂದಿಲ್ಲ. ನಾನು ಕೇಳಿದರೂ ಹೇಳಬೇಡ.