ನಿವೇಶನವೂ ಜೀರ್ಣೋದ್ಧಾರವೂ: ಪ್ರಾಚೀನ ಗ್ರಾಮಗಳಲ್ಲಿ ಹೊಸ ಮನೆಯ ಪ್ರಶ್ನೆ

ನಿವೇಶನವೆಂಬ ಶಬ್ದವನ್ನು ಇಂದು ನಾವು ಪಂಚಾಯಿತಿಯ ನೋಟೀಸಿನಲ್ಲಿಯೂ ವೃತ್ತಪತ್ರಿಕೆಯ ಜಾಹೀರಾತಿನಲ್ಲಿಯೂ ಓದುತ್ತೇವೆ. ನಾಲ್ಕು ಮೂಲೆಗೆ ಕಲ್ಲು ನೆಟ್ಟು ಗುರುತು ಮಾಡಿದ ಖಾಲಿ ಜಾಗವೆಂಬುದೇ ಅದರ ಈಗಿನ ಅರ್ಥವಾಗಿದೆ. ಆದರೆ ಈ ಶಬ್ದವು ಈಚಿನದಲ್ಲ. ಕಲ್ಯಾಣದ ಚಾಲುಕ್ಯರ ಕಾಲದ ದಾನಶಾಸನಗಳನ್ನು ಓದಿದವರಿಗೆ ಇಂತಿಷ್ಟು ಮತ್ತರು ಭೂಮಿ, ಒಂದು ಹೂದೋಟ, ಒಂದು ಗಾಣ, ಇಂತಿಷ್ಟು ಮನೆಯ ನಿವೇಶನ ಎಂಬ ಬಗೆಯ ಪಟ್ಟಿ ಪರಿಚಿತವಾದುದು. ಅವೇ ಶಾಸನಗಳಲ್ಲಿ ಮೇಲಿಂದ ಮೇಲೆ ಬರುವ ಇನ್ನೊಂದು ಸಮಾಸವಿದೆ: ಖಂಡಸ್ಫುಟಿತಜೀರ್ಣೋದ್ಧಾರ. ಖಂಡವೆಂದರೆ ಮುರಿದುದು, ಸ್ಫುಟಿತವೆಂದರೆ ಬಿರಿದುದು, ಜೀರ್ಣವೆಂದರೆ ಕಾಲದಿಂದ ಸವೆದುದು. ಇವನ್ನು ಮರಳಿ ಎತ್ತಿ ನಿಲ್ಲಿಸುವುದು ಉದ್ಧಾರ. ಗುಡಿಯನ್ನು ಕಟ್ಟಿಸಿದವರು ಅದು ಮುಂದೊಂದು ದಿನ ಬಿರಿಯುವುದೆಂದು ಮೊದಲೇ ಬಗೆದು, ಅದರ ದುರಸ್ತಿಗೆಂದು ಭೂಮಿಯನ್ನು ಬಿಡುತ್ತಿದ್ದರು. ಮನೆ, ಗಿಡ, ಗೋಡೆ ಈ ಮೂರೂ ಒಂದೇ ಕಲ್ಲಿನ ಮೇಲೆ ಬರೆಯಿಸಲ್ಪಡುತ್ತಿದ್ದವು. ಈಗ ಅವು ಮೂರು ಕಚೇರಿಗಳ ಮೂರು ಕಡತಗಳಲ್ಲಿವೆ.

ಕೊರ್ಲಹಳ್ಳಿಯ ತುಂಗಭದ್ರೆಯ ದಡದಿಂದ ಹೊರಟು ಮುಂಡರಗಿಯನ್ನು ದಾಟಿ ಗದಗಿನ ಕಡೆಗೆ ಹೋಗುವವರು ನಡುವೆ ಡಂಬಳವನ್ನು ಕಾಣುತ್ತಾರೆ. ಅಲ್ಲಿಯ ದೊಡ್ಡಬಸಪ್ಪನ ಗುಡಿಯ ನಕ್ಷತ್ರಾಕಾರದ ತಳವಿನ್ಯಾಸವನ್ನು ನೋಡಲು ದೂರದೇಶದ ವಿದ್ವಾಂಸರೂ ಬರುತ್ತಾರೆ. ಅದೇ ಊರಿನಲ್ಲಿ 1095ರ ಸುಮಾರಿನ ಶಾಸನವೊಂದು ದೊರೆತಿದೆ. ವರ್ತಕರು ಕಟ್ಟಿಸಿದ ಬೌದ್ಧವಿಹಾರವನ್ನೂ, ಲೊಕ್ಕಿಗುಂಡಿಯ ಸೆಟ್ಟಿಯೊಬ್ಬನು ಕಟ್ಟಿಸಿದ ತಾರಾದೇವಿಯ ವಿಹಾರವನ್ನೂ ಅದು ಹೇಳುತ್ತದೆ. ಆ ವಿಹಾರಗಳು ಇಂದು ನಿಂತಿಲ್ಲ. ಅವುಗಳ ಹೆಸರು ಮಾತ್ರ ಉಳಿದಿದೆ. ಗುಡಿಯೊಂದು ಉಳಿಯುವುದು, ವಿಹಾರವೊಂದು ಅಳಿಯುವುದು ಕಲ್ಲಿನ ಗಟ್ಟಿತನವೊಂದರಿಂದಲೇ ಆಗುವ ಕಾರ್ಯವಲ್ಲ. ಸುತ್ತಲಿನ ಜನರು ಅದನ್ನು ತಮ್ಮದೆಂದು ಬಗೆದರೋ ಇಲ್ಲವೋ ಎಂಬುದರಿಂದಲೂ ಆಗುತ್ತದೆ.

ಆ ಲೊಕ್ಕಿಗುಂಡಿಯೇ ಇಂದಿನ ಲಕ್ಕುಂಡಿ. ದಾನಚಿಂತಾಮಣಿ ಅತ್ತಿಮಬ್ಬೆಯು 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯ, ಕಾಶಿವಿಶ್ವೇಶ್ವರ, ನನ್ನೇಶ್ವರ, ಮಾಣಿಕೇಶ್ವರದ ಬಳಿಯ ಮುಸುಕಿನ ಬಾವಿ ಇವುಗಳನ್ನು ನಮ್ಮ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ನೋಡಿಬರುತ್ತಾರೆ. ನೂರೊಂದು ಗುಡಿ, ನೂರೊಂದು ಬಾವಿ ಎಂದು ಜನ ಹೇಳುವುದುಂಟು. ಇದು ಲೆಕ್ಕವಲ್ಲ, ಅಭಿಮಾನದ ಮಾತು. ಆದರೆ ಅಲ್ಲಿಯ ಓಣಿಗಳಲ್ಲಿ ನಡೆದವರಿಗೆ ಅದು ತೀರ ಉತ್ಪ್ರೇಕ್ಷೆಯೆನಿಸುವುದಿಲ್ಲ. ಕೆತ್ತನೆಯ ಕಲ್ಲೊಂದು ಜಗುಲಿಯ ಕಟ್ಟೆಯಾಗಿರುತ್ತದೆ. ಮುರಿದ ಕಂಬಕ್ಕೆ ಎತ್ತು ಕಟ್ಟಿರುತ್ತಾರೆ. ಗುಡಿಯ ಗೋಡೆಗೆ ಒತ್ತಿಕೊಂಡೇ ಮನೆ ನಿಂತಿರುತ್ತದೆ. ಪ್ರವಾಸಿಗಳು ಇದನ್ನು ಕಂಡು ಮೂಗು ಮುರಿಯುತ್ತಾರೆ. ನನಗೆ ಹಾಗೆನಿಸಿಲ್ಲ. ಗುಡಿಗೆ ಆತುಕೊಂಡ ಮಣ್ಣಿನ ಮನೆಯವರೇ ಎಷ್ಟೋ ಕಡೆ ಆ ಗುಡಿಯಲ್ಲಿ ದೀಪ ಹಚ್ಚಿದವರು.

ಹಾಗಾದರೆ ತೊಡಕೆಲ್ಲಿ? ಹಳೆಯ ಮಾಳಿಗೆಯ ಮನೆಯನ್ನೂ ಹೊಸ ಮನೆಯನ್ನೂ ಒಂದೇ ಜಾತಿಯವೆಂದು ತಿಳಿಯುವಲ್ಲಿ. ಮಾಳಿಗೆಯ ಮನೆಯ ಗೋಡೆ ಮಣ್ಣು ಕಲ್ಲುಗಳದು, ಮೇಲೆ ತೊಲೆ, ಜಂತಿ, ಮಣ್ಣು. ಅದರ ಭಾರವನ್ನು ದಪ್ಪ ಗೋಡೆಯೇ ಹರಡಿಕೊಂಡು ಹೊರುವುದರಿಂದ ಅಡಿಪಾಯ ಹೆಚ್ಚು ಆಳಕ್ಕಿಳಿಯುವುದಿಲ್ಲ. ಸಿಮೆಂಟಿನ ಮನೆ ಹಾಗಲ್ಲ. ನಮ್ಮದು ಎರೆಯ ನಾಡು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ಗಟ್ಟಿ ನೆಲ ಸಿಗುವವರೆಗೆ ಅಗೆಯಬೇಕು. ಪುರಾತನ ಊರಿನಲ್ಲಿ ಹಾಗೆ ಅಗೆದರೆ ಮಣ್ಣಿನ ಪದರಗಳಲ್ಲಿದ್ದ ಚರಿತ್ರೆಯೆಲ್ಲ ಕಲಸಿಹೋಗುತ್ತದೆ. ಪಕ್ಕದ ಗುಡಿಯದೋ, ಬಳಪದ ಕಲ್ಲುಗಳನ್ನು ಗಾರೆಯಿಲ್ಲದೆ ಒಂದಕ್ಕೊಂದು ಕೂಡಿಸಿ ನಿಲ್ಲಿಸಿದ ಗೋಡೆ. ಬುಡದ ನೆಲ ಒಂದಿಷ್ಟು ಜಾರಿದರೂ ಮೇಲಿನ ಸಂದುಗಳು ಬಾಯಿ ತೆರೆಯುತ್ತವೆ. ಬಚ್ಚಲ ನೀರು, ಶೌಚದ ಗುಂಡಿಯ ಉಪ್ಪು ಕಲ್ಲಿಗೆ ಏರಿದರೆ ಸಾವಿರ ವರ್ಷ ತಾಳಿದ ಕೆತ್ತನೆ ಪುಡಿಪುಡಿಯಾಗಿ ಉದುರುತ್ತದೆ.

ಕಾಯ್ದೆ ಏನು ಹೇಳುತ್ತದೆಂಬುದನ್ನು ನಮ್ಮ ಶಿಕ್ಷಕಬಂಧುಗಳು ತಿಳಿದಿರುವುದು ಒಳಿತು. ಏಕೆಂದರೆ ಹಳ್ಳಿಯಲ್ಲಿ ಕಾಗದವನ್ನು ಓದಿಸಿಕೊಳ್ಳಲು ಜನ ಬರುವುದು ನಮ್ಮ ಬಳಿಗೇ. ಕೇಂದ್ರ ಸರಕಾರದ ಪುರಾತನ ಸ್ಮಾರಕಗಳ ಕಾಯ್ದೆ 1958ರದು. 1992ರ ಅಧಿಸೂಚನೆಯೂ 2010ರ ತಿದ್ದುಪಡಿಯೂ ಸೇರಿ ಈಗಿನ ಸ್ಥಿತಿ ಹೀಗಿದೆ: ರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರು ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರು ನಿಯಂತ್ರಿತ ಪ್ರದೇಶ. ನಿಯಂತ್ರಿತ ಪ್ರದೇಶದಲ್ಲಿ ಅನುಮತಿ ಪಡೆದು ಕಟ್ಟಬಹುದು. ನಿಷೇಧಿತ ಪ್ರದೇಶದಲ್ಲಿ ಹೊಸದನ್ನು ಕಟ್ಟುವಂತಿಲ್ಲ. 1992ರ ಜೂನ್ 16ಕ್ಕೆ ಮೊದಲೇ ಇದ್ದ ಮನೆಯನ್ನು ಅನುಮತಿಯಿಂದ ದುರಸ್ತಿ ಮಾಡಬಹುದು. ಇಲ್ಲಿ ಸೂಕ್ಷ್ಮವೊಂದಿದೆ. ದುರಸ್ತಿ ಬೇರೆ, ಪುನರ್ನಿರ್ಮಾಣ ಬೇರೆ ಎನ್ನುತ್ತದೆ ಕಾಯ್ದೆ. ಮಣ್ಣಿನ ಮನೆ ನಿಂತಿರುವವರೆಗೆ ಅದಕ್ಕೆ ದುರಸ್ತಿಯ ಹಕ್ಕುಂಟು; ಮಳೆಗೆ ಪೂರ್ತಿ ಕುಸಿದು ಬಿದ್ದಿತೋ, ಅದೇ ಜಾಗದಲ್ಲಿ ಅದೇ ಅಳತೆಯಲ್ಲಿ ಎಬ್ಬಿಸಲಿಕ್ಕೂ ಆಸ್ಪದವಿಲ್ಲ. ಚರಂಡಿಯ ಕೆಲಸವಾದರೋ ಕಾಯ್ದೆಯ ‘ನಿರ್ಮಾಣ’ವೆಂಬ ಪದದ ವ್ಯಾಖ್ಯೆಯಿಂದಲೇ ಹೊರಗುಳಿದಿದೆ. ಗೋಡೆಯ ಶತ್ರು ಅನೇಕ ಸಲ ಚರಂಡಿಯೇ ಆಗಿರುವುದನ್ನು ಕಂಡವರಿಗೆ ಇದು ವಿಚಿತ್ರವೆನಿಸದಿರದು.

ಗಿಡಮರಗಳ ಮಾತು ಇನ್ನೂ ಬೇರೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯು ತಾನು ಅನ್ವಯವಾಗುವ ಕಡೆಗಳಲ್ಲಿ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಕೇಳುತ್ತದೆ, ಕಡಿದುದಕ್ಕೆ ಬದಲು ನೆಡಬೇಕೆನ್ನುತ್ತದೆ. ಒಂದು ಕಾಯ್ದೆ ಮೀಟರಿನಿಂದ ಅಳೆಯುತ್ತದೆ, ಇನ್ನೊಂದು ಕಾಂಡವನ್ನು ಎಣಿಸುತ್ತದೆ. ಮರವೂ ಗೋಡೆಯೂ ಸದಾ ಒಂದೇ ಪಕ್ಷದಲ್ಲಿರುತ್ತವೆಂದೂ ತಿಳಿಯಬಾರದು. ಹಕ್ಕಿ ತಂದೊಗೆದ ಅರಳಿಯ ಬೀಜ ಶಿಖರದ ಸಂದಿಯಲ್ಲಿ ಮೊಳೆತರೆ ಅದರ ಬೇರು ಗುಡಿಯನ್ನು ಸೀಳುತ್ತದೆ; ಅದು ಎಳೆಯದಾಗಿರುವಾಗಲೇ ಕಿತ್ತುಹಾಕುವುದು ಧರ್ಮ. ಅದೇ ಅರಳಿ ಅಂಗಳದ ಕಟ್ಟೆಯಲ್ಲಿದ್ದರೆ ಅದನ್ನು ಮುಟ್ಟದಿರುವುದು ಧರ್ಮ. ಸಾಲು ಮರಗಳಿರಲಿ, ಬೆಟ್ಟವೇ ಆಗಲಿ, ರಕ್ಷಣೆಯೆಂಬುದು ಒಂದು ಆದೇಶದಿಂದ ಮುಗಿಯುವುದಿಲ್ಲವೆಂಬುದಕ್ಕೆ ಕಪ್ಪತಗುಡ್ಡವೇ ಸಾಕ್ಷಿ. 2015ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದುದನ್ನು 2016ರಲ್ಲಿ ಹಿಂದೆಗೆದುಕೊಂಡರು. ಗದಗಿನಲ್ಲಿ ತೋಂಟದಾರ್ಯ ಮಠದ ಲಿಂಗೈಕ್ಯ ಡಾ. ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತು ಜನರು ಧರಣಿ ಕುಳಿತ ಮೇಲೆ 2017ರಲ್ಲಿ ಅದು ಮರಳಿ ಬಂದಿತು, 2019ರಲ್ಲಿ ವನ್ಯಜೀವಿಧಾಮವಾಯಿತು.

ಮನೆಯ ಪಕ್ಷವನ್ನೂ ಹೇಳಬೇಕು. ನಮ್ಮೂರ ಬಳಿ ಹರಿದ ನೀರೇ ಮುಂದೆ ಹಂಪಿಯ ಬಂಡೆಗಳ ನಡುವೆ ಹಾಯುತ್ತದೆ. ಹಂಪಿಯು 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. 1999ರಿಂದ 2006ರವರೆಗೆ ಅಪಾಯದ ಪಟ್ಟಿಯಲ್ಲಿತ್ತು. ವಿರೂಪಾಕ್ಷನ ಗುಡಿಯ ಮುಂದಿನ ಬೀದಿಯ ಸಾಲುಮಂಟಪಗಳಲ್ಲಿ ಕಂಬಗಳ ನಡುವೆ ಗೋಡೆ ಎಬ್ಬಿಸಿಕೊಂಡು ಜನರು ಬಹುಕಾಲದಿಂದ ವಾಸವಾಗಿದ್ದರು, ಅಂಗಡಿ ಖಾನಾವಳಿ ನಡೆಸುತ್ತಿದ್ದರು. 2011ರ ಜುಲೈಯಲ್ಲಿ ಅವುಗಳನ್ನು ಕೆಡವಲಾಯಿತು. ಮುನ್ನೂರಕ್ಕೂ ಮಿಕ್ಕ ಕುಟುಂಬಗಳು ನೆಲೆ ತಪ್ಪಿದವು. ಅವರಿಗೆ ಕಡ್ಡಿರಾಂಪುರದಲ್ಲಿ ನಿವೇಶನಗಳನ್ನು ಗೊತ್ತುಮಾಡಿದರು. ಮಂಟಪಗಳು ತೆರವಾದುದು ಮೊದಲು, ಮನೆಗಳು ಎದ್ದುದು ಬಹಳ ತಡವಾಗಿ. ನದಿಯಾಚೆಯ ವಿರೂಪಾಪುರ ಗಡ್ಡೆಯ ರೆಸಾರ್ಟುಗಳ ವಿಷಯ ಬೇರೆ. ಅವುಗಳನ್ನು ತೆರವುಗೊಳಿಸಬೇಕೆಂಬ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಎತ್ತಿಹಿಡಿಯಿತು. ಲಾಭಕ್ಕೆಂದು ಕಟ್ಟಿದುದನ್ನೂ ತಲೆಯ ಮೇಲೊಂದು ಸೂರಿಗೆಂದು ಕಟ್ಟಿದುದನ್ನೂ ಒಂದೇ ತಕ್ಕಡಿಯಲ್ಲಿಡುವುದು ನ್ಯಾಯವಲ್ಲವೆಂದು ನನ್ನ ಮತ. ಕಲ್ಲಿನ ಕಂಬಕ್ಕೆ ಮಾತ್ರ ಈ ಭೇದ ತಿಳಿಯುವುದಿಲ್ಲವೆಂಬುದೂ ನಿಜ.

ಈ ವಿಚಾರವು ನನಗೆ ಪುಸ್ತಕದಿಂದ ಬಂದುದಲ್ಲ. ಇದೇ ಜಿಲ್ಲೆಯ ಒಂದು ಗ್ರಾಮದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ಊರಿನ ಹೆಸರು ಬೇಡ. ಅಣ್ಣತಮ್ಮಂದಿರು ಬೇರೆಯಾದಾಗ ಇವನ ಪಾಲಿಗೆ ಬಂದುದು ಗುಡಿಯ ಹಿಂದಿನ ಮಾಳಿಗೆಯ ಮನೆ ಮತ್ತು ಉದ್ದನೆಯ ಹಿತ್ತಲು. ಮಳೆಗೆ ಒಂದು ಬದಿಯ ಜಂತಿ ಮುರಿದು ಮಣ್ಣು ಸುರಿಯಿತು. ಕೆಡವಿ ಕಟ್ಟುತ್ತೇನೆಂದು ಇವನು ಹೊರಟಾಗ ಕಚೇರಿಯಿಂದ ನೋಟೀಸು ಬಂದಿತು. ಅದನ್ನು ಓದಿಸಿಕೊಳ್ಳಲು ಬಂದವನು ಕೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ಗುರುಗಳ, ಗ್ವಾಡಿಗೆ ಕಾಯ್ದೆ ಐತಿ, ಗಿಡಕ್ಕ ಕಾಯ್ದೆ ಐತಿ. ನಮ್ಮವ್ವಗ ಯಾವ ಕಾಯ್ದೆ ಐತ್ರಿ?”

ನನಗೆ ಉತ್ತರ ಹೊಳೆಯಲಿಲ್ಲ. ಅತ್ತಿಮಬ್ಬೆಯ ಪಾಠವನ್ನು ಇವನಿಗೆ ಹೇಳಿದವನು ನಾನೇ. ಗುಡಿಯ ಗೋಡೆ ನಮ್ಮೆಲ್ಲರ ಆಸ್ತಿಯೆಂದು ತರಗತಿಯಲ್ಲಿ ಬರೆಯಿಸಿದವನೂ ನಾನೇ. ಎಲ್ಲರ ಆಸ್ತಿಯ ಕಾವಲಿನ ವೆಚ್ಚವನ್ನು ಒಂದೇ ಮನೆ ಹೊರಬೇಕೇ ಎಂದು ಆಗ ನಾನು ಯೋಚಿಸಿರಲಿಲ್ಲ. ಅದನ್ನು ಒಪ್ಪಿಕೊಂಡೆ.

ಒಂದು ರವಿವಾರ ಇಬ್ಬರೂ ಟೇಪು ಹಿಡಿದು ಅಳೆದೆವು. ನೂರು ಮೀಟರಿನ ಗೆರೆ ಹಿತ್ತಲನ್ನು ಅಡ್ಡಹಾಯ್ದಿತ್ತು. ಗೆರೆಯ ಆಚೆ ಉಳಿದ ಭಾಗದಲ್ಲಿ ಮನೆ ಕಟ್ಟಲು ಅನುಮತಿ ಬೇಡಬಹುದು. ಆದರೆ ಅಲ್ಲಿ ಇವನ ಅಜ್ಜ ಹಚ್ಚಿದ ಬೇವಿನ ಮರ. ಗೋಡೆಯನ್ನು ಉಳಿಸಹೋದರೆ ಮರ ಹೋಗಬೇಕು, ಮರವನ್ನು ಉಳಿಸಹೋದರೆ ಮನೆಯಿಲ್ಲ. ಮರ ಕಡಿಯೋಣವೆಂದು ಮೊದಲು ಹೇಳಿದವನು ನಾನು. ಬೇವು ಮತ್ತೆ ಬೆಳೆದೀತು, ಶಿಲ್ಪ ಬೆಳೆಯಲಾರದು ಎಂಬುದು ನನ್ನ ತರ್ಕ. ಅವನ ತಾಯಿ ಇದನ್ನು ಕೇಳಿ ಬಾಗಿಲಿಗೆ ಬಂದು, “ಗುರುಗಳ, ಗಿಡ ಬೆಳೀತೈತಿ ಖರೆ. ಅದರ ನೆಳ್ಳಾಗ ಕುಂದ್ರಾಕ ನಾ ಇರಬೇಕಲ್ರಿ?” ಎಂದಳು.

ಬಳಿಕ ಗೌಂಡಿಯನ್ನು ಕರೆಯಿಸಿ ನಕ್ಷೆಯನ್ನು ತಿದ್ದಿಸಿದೆವು. ಮೂರು ಅಂಕಣದ ಮನೆ ಎರಡು ಅಂಕಣಕ್ಕಿಳಿಯಿತು. ಬೇರಿನ ಕಡೆಯ ಪಾಯವನ್ನು ಒಳಕ್ಕೆ ಸರಿಸಿದರು. ಒಂದು ದೊಡ್ಡ ಕೊಂಬೆ ಮಾತ್ರ ಹೋಯಿತು. ಬಚ್ಚಲ ನೀರು ಗುಡಿಯ ಕಡೆಗೆ ಹರಿಯದಂತೆ ಹಿಂದಿನ ಓಣಿಗೆ ಇಳಿಜಾರು ಕೊಟ್ಟರು. ಅನುಮತಿಯ ಕಾಗದ ಕೈಸೇರುವಷ್ಟರಲ್ಲಿ ಎರಡು ಮಳೆಗಾಲ ಕಳೆದಿದ್ದವು. ಈ ಎರಡು ಮಳೆಗಾಲವೇ ನನ್ನ ಆಕ್ಷೇಪದ ತಿರುಳು. ಗೋಡೆಗಾಗಿ ಕಟ್ಟಬೇಡವೆನ್ನುವ ಅಧಿಕಾರ ಸರಕಾರಕ್ಕಿರಲಿ, ಇರಲೇಬೇಕು. ಆದರೆ ಬೇಡವೆಂದ ದಿನವೇ ಬೇರೆ ನಿವೇಶನವನ್ನು ತೋರಿಸುವುದಾಗಲಿ, ಹಳೆಯ ಮನೆಯ ದುರಸ್ತಿಗೆ ತೊಲೆ ಜಂತಿಗಳ ಹಣ ಕೊಡುವುದಾಗಲಿ ಅದೇ ಆದೇಶದ ಭಾಗವಾಗಿರಬೇಕು. ಶಾಸನ ಬರೆಯಿಸಿದವರು ಗುಡಿಗೂ ದುರಸ್ತಿಗೂ ಮನೆಗೂ ಒಂದೇ ದಿನ ದಾನವಿತ್ತುದರ ಅರ್ಥವನ್ನು ನಾನು ಹೀಗೆ ತಿಳಿಯುತ್ತೇನೆ. ಮಠಗಳೂ ದಾನಿಗಳೂ ಹೊಸ ಕಮಾನು ಕಟ್ಟಿಸುವ ಹಣದಲ್ಲಿ ಒಂದು ಪಾಲನ್ನು ಇಂಥ ದುರಸ್ತಿಗೆ ಇಟ್ಟರೆ, ಖಂಡಸ್ಫುಟಿತವೆಂಬ ಹಳೆಯ ಮಾತು ಮತ್ತೆ ಬಳಕೆಗೆ ಬಂದೀತು.

ಹಳೆಯ ಮನೆಯ ಮುರಿದ ಬದಿಗೆ ಹೊಸ ಜಂತಿ ಹಾಕಿಸಿ ಮಾಳಿಗೆಗೆ ಮಣ್ಣು ಹೊದಿಸಿದ್ದಾರೆ. ಮಗ, ಸೊಸೆ, ಮೊಮ್ಮಕ್ಕಳು ಬೇವಿನ ಬದಿಯ ಹೊಸ ಮನೆಯಲ್ಲಿ ಮಲಗುತ್ತಾರೆ. ತಾಯಿ ಮಾತ್ರ ಅಲ್ಲಿಗೆ ಹೋಗಲಿಲ್ಲ. ಕಳೆದ ಶ್ರಾವಣದಲ್ಲಿ ನಾನು ಹೋದಾಗ ಹಳೆಯ ಪಡಸಾಲೆಯಲ್ಲಿಯೇ ಕುಳಿತು ಅವರೆ ಸುಲಿಯುತ್ತಿದ್ದಳು. ಬೆಳಕಿಂಡಿಯಿಂದ ಗುಡಿಯ ಗೋಡೆ ಕಾಣುತ್ತಿತ್ತು.