ಪುಂಡಿನಾರಿನ ಕುಂಚ, ಗಾಜಿನ ಹಾಳೆ

ಪ್ರಶ್ನೆ: ನನ್ನ ಮಗಳು ಏಳನೇ ತರಗತಿ. ಅಜ್ಜಿಯ ಜೊತೆ ಕೂತು ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುತ್ತಾಳೆ. ಮುಂದೆ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯಬೇಕೆಂಬ ಆಸೆ ಅವಳದು. ಈಗ ಆ ಚಿತ್ರಗಳನ್ನೆಲ್ಲ ಕಂಪ್ಯೂಟರಿನಲ್ಲೇ ಮಾಡುತ್ತಾರೆ, ಕೈಯಲ್ಲಿ ಬರೆದು ಏನೂ ಪ್ರಯೋಜನವಿಲ್ಲ ಎಂದು ಅವಳ ಅಣ್ಣ ಹೇಳುತ್ತಾನೆ. ಇದು ನಿಜವೇ? ಅವಳಿಗೆ ಟ್ಯಾಬ್ ಕೊಡಿಸಬೇಕೇ?
— ಓದುಗರೊಬ್ಬರು, ಜಡೆ, ಸೊರಬ ತಾಲ್ಲೂಕು

ಉತ್ತರ: ಅಣ್ಣನ ಮಾತಿನಲ್ಲಿ ಅರ್ಧ ನಿಜವಿದೆ. ಇವತ್ತು ಅಚ್ಚಾಗುವ ಮಕ್ಕಳ ಪುಸ್ತಕದ ಚಿತ್ರ ಯಾವುದಾದರೂ ಒಂದು ಹಂತದಲ್ಲಿ ಕಂಪ್ಯೂಟರನ್ನು ಹಾದೇ ಬರುತ್ತದೆ. ಜಲವರ್ಣದಲ್ಲಿ ಕಾಗದದ ಮೇಲೆ ಬರೆದದ್ದಾದರೂ ಅದನ್ನು ಸ್ಕ್ಯಾನ್ ಮಾಡಬೇಕು, ಕಲೆ ತೆಗೆಯಬೇಕು, ಪುಟಕ್ಕೆ ಕೂರಿಸಬೇಕು. ಆದರೆ ಚಿತ್ರ ಹುಟ್ಟುವ ಜಾಗ ಬಹಳಷ್ಟು ಕಲಾವಿದರಿಗೆ ಈಗಲೂ ಒಂದು ಪೆನ್ಸಿಲು, ಒಂದು ಹಾಳೆ. ಕಥೆ ಕೈಗೆ ಬಂದ ಕೂಡಲೇ ಅವರು ಬೆಂಕಿಪೊಟ್ಟಣದಷ್ಟು ದೊಡ್ಡ ಚೌಕಗಳನ್ನು ಗೀಚಿಕೊಂಡು, ಯಾವ ಪುಟದಲ್ಲಿ ಏನು ಬರಬೇಕೆಂದು ರಫ್ ಮಾಡುತ್ತಾರೆ. ಹಾಳೆ ಮಡಚಿ, ಹೊಲಿದು, ಪುಟ ತಿರುಗಿಸಿ ನೋಡಲು ಒಂದು ಡಮ್ಮಿ ಪುಸ್ತಕವನ್ನೂ ಮಾಡಿಕೊಳ್ಳುತ್ತಾರೆ. ಪುಟ ತಿರುಗಿಸಿದಾಗ ಮಗುವಿಗೆ ಏನು ಕಾಣಬೇಕು ಎಂಬುದು ತೆರೆಯ ಮೇಲೆ ಅಷ್ಟು ಚೆನ್ನಾಗಿ ತಿಳಿಯುವುದಿಲ್ಲ.

ನಿಮ್ಮ ಮನೆಯ ಅಜ್ಜಿಯ ಕೆಲಸವನ್ನೇ ಮೊದಲು ನೋಡೋಣ. ದೀವರ ಮನೆಗಳ ಹಸೆ ಗೋಡೆಯಲ್ಲೂ ಸೀಗೆ ಹುಣ್ಣಿಮೆಯ ಭೂಮಣ್ಣಿ ಬುಟ್ಟಿಯಲ್ಲೂ ಇರುವುದು ನಾಲ್ಕೇ ಬಣ್ಣ. ನೆಲಗಟ್ಟಿಗೆ ಕೆಮ್ಮಣ್ಣು, ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚ ಪುಂಡಿನಾರಿನದು. ಆ ನಾರು ಹೀರಿಕೊಳ್ಳುವ ಹಿಟ್ಟು ಸ್ವಲ್ಪ, ಹಾಗಾಗಿ ಎಳೆ ಎಷ್ಟು ದೂರ ಓಡೀತು, ಎಲ್ಲಿ ಮತ್ತೆ ಅದ್ದಬೇಕು ಎಂಬುದು ಎಳೆಯುವ ಮೊದಲೇ ಕೈಗೆ ಗೊತ್ತಿರಬೇಕು. ಕೆಮ್ಮಣ್ಣಿನ ಮೇಲೆ ಬಿದ್ದ ಬಿಳಿಯನ್ನು ಒರೆಸಿದರೆ ಗೋಡೆಯೇ ಕಲೆಯಾಗುತ್ತದೆ. ಆದ್ದರಿಂದ ಚಿತ್ತಾರಗಿತ್ತಿ ಕುಂಚ ಎತ್ತುವ ಮೊದಲೇ ಇಡೀ ಹಸೆಯನ್ನು ಮನಸ್ಸಿನಲ್ಲಿ ಎಣಿಸಿ ಮುಗಿಸಿರುತ್ತಾಳೆ. ಎಷ್ಟು ಎಳೆ, ಎಲ್ಲಿ ದಂಡಿಗೆ, ಎಲ್ಲಿ ವಧುವರರು, ಎಷ್ಟು ಜಾಗ ಖಾಲಿ.

ಈಗ ಟ್ಯಾಬಿನ ಮೇಲೆ ಬರೆಯುವವರನ್ನು ನೋಡಿ. ಅವರಿಗೆ ಎರಡು ದೊಡ್ಡ ಅನುಕೂಲಗಳಿವೆ, ಒಂದು ಅನ್‌ಡೂ, ಇನ್ನೊಂದು ಲೇಯರು. ತಪ್ಪಿದ ಗೆರೆ ಬೆರಳು ತಾಗಿಸಿದರೆ ಹೋಗುತ್ತದೆ. ಹಿನ್ನೆಲೆಯ ತೋಟ ಒಂದು ಪದರ, ಅಜ್ಜ ಒಂದು ಪದರ, ಅಜ್ಜನ ಕಂಬಳಿಯ ಬಣ್ಣ ಇನ್ನೊಂದು. ಸಂಪಾದಕರು ಬಂದು ಅಜ್ಜನನ್ನು ಬಲಗಡೆಗೆ ಸರಿಸಿ, ಅಲ್ಲಿ ನಾಲ್ಕು ಸಾಲು ಬರಬೇಕು ಎಂದರೆ, ಕಾಗದದಲ್ಲಿ ಬರೆದವರು ಹೊಸ ಹಾಳೆ ತೆಗೆಯಬೇಕು. ಟ್ಯಾಬಿನವರು ಅಜ್ಜನನ್ನು ಎತ್ತಿ ಇಡುತ್ತಾರೆ. ಪುಸ್ತಕದ ಕೆಲಸದಲ್ಲಿ ಇಂಥ ತಿದ್ದುಪಡಿ ದಿನಕ್ಕೆ ಹತ್ತು ಬರುತ್ತವೆ. ಡಿಜಿಟಲ್ ಸಲಕರಣೆಗೆ ಕಲಾವಿದರು ಒಲಿದದ್ದಕ್ಕೆ ನನ್ನ ಮಟ್ಟಿಗೆ ದೊಡ್ಡ ಕಾರಣ ಇದೇ. ಚಂದ ಕಾಣುತ್ತದೆಂಬುದು ಆಮೇಲಿನ ಮಾತು.

ಮಲೆನಾಡಿಗೆ ಇನ್ನೂ ಒಂದು ಕಾರಣ ಸೇರಿಸಬೇಕು: ಆಷಾಢದ ಮಳೆಯಲ್ಲಿ ಜಲವರ್ಣ ಒಣಗುವುದೇ ಇಲ್ಲ. ಒಂದು ತೆಳು ಬಣ್ಣ ಬಳಿದು ಮೇಲೊಂದು ಬಣ್ಣ ಹಾಕಲು ಅರ್ಧ ದಿನ ಕಾಯಬೇಕು. ಕಾಗದ ತಂಪು ಹಿಡಿದು ಉಬ್ಬುತ್ತದೆ, ಜೋಪಾನ ಮಾಡದಿದ್ದರೆ ಬೂಸ್ಟು ಬರುತ್ತದೆ. ಮಳೆಗಾಲದಲ್ಲಿ ಗಡುವು ಇಟ್ಟುಕೊಂಡು ಬರೆದವರಿಗೆ ಈ ಕಷ್ಟ ಗೊತ್ತು.

ಹಿಂದಿನವರಿಗೆ ಅನ್‌ಡೂ ಇರಲಿಲ್ಲವೇ ಎಂದರೆ, ಅವರದೇ ರೀತಿಯಲ್ಲಿ ಇತ್ತು. ಕನ್ನಡದ 'ಚಂದಮಾಮ' 1949ರಲ್ಲಿ ಶುರುವಾಯಿತು. 1950ರ ದಶಕದಲ್ಲಿ ಅದರ ಮುಖಪುಟಗಳಿಗೆ ಮಹಾಭಾರತದ ದೃಶ್ಯಗಳನ್ನು ಬರೆದವರು ನಮ್ಮವರೇ ಆದ ಎಂ.ಟಿ.ವಿ. ಆಚಾರ್ಯ. ಹೆಗಲ ಮೇಲೆ ಬೇತಾಳನನ್ನು ಹೊತ್ತು ಕತ್ತಿ ಹಿಡಿದು ನಡೆಯುವ ವಿಕ್ರಮನನ್ನು ಬರೆದ ಶಂಕರ್ 2020ರಲ್ಲಿ ತೀರಿಕೊಂಡರು. ಆ ಕಾಲದ ಪತ್ರಿಕೆಯ ಕಪ್ಪು-ಬಿಳುಪು ಚಿತ್ರಗಳನ್ನು ಕುಂಚ, ನಿಬ್ಬು, ಇಂಡಿಯನ್ ಇಂಕಿನಲ್ಲಿ, ಅಚ್ಚಾಗಬೇಕಾದ ಅಳತೆಗಿಂತ ದೊಡ್ಡದಾಗಿ ಬರೆಯುವುದು ವಾಡಿಕೆಯಾಗಿತ್ತು. ಕ್ಯಾಮೆರಾದಲ್ಲಿ ಚಿಕ್ಕದು ಮಾಡಿ ಸತುವಿನ ಬ್ಲಾಕ್ ತೆಗೆಯುವಾಗ ಗೆರೆಯ ಸಣ್ಣ ನಡುಕ ಮಾಯವಾಗುತ್ತಿತ್ತು. ದೊಡ್ಡ ತಪ್ಪಿಗೆ ಮೇಲೆ ಬಿಳಿ ಪೋಸ್ಟರ್ ಬಣ್ಣ. ಬ್ಲಾಕಿನ ಕ್ಯಾಮೆರಾಕ್ಕೆ ಆ ಬಿಳಿಯೂ ಕಾಗದದ ಬಿಳಿಯೂ ಒಂದೇ. ಹಳೆಯ ಮೂಲಚಿತ್ರಗಳನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಆ ತೇಪೆಗಳು ಕಾಣುತ್ತವೆ. ನನಗೆ ಅವು ಚಿತ್ರದಷ್ಟೇ ಪ್ರೀತಿ.

ಅಂದರೆ ಸಲಕರಣೆ ಯಾವತ್ತೂ ಅಚ್ಚಿನ ಯಂತ್ರಕ್ಕೆ ತಕ್ಕಂತೆ ನಡೆದುಕೊಂಡಿದೆ. ಹಸೆ ಗೋಡೆಯ ಮೇಲೆಯೇ ಮುಗಿಯುತ್ತದೆ. ಪುಸ್ತಕದ ಚಿತ್ರ ಕಾಗದದ ಮೇಲೆ ಮುಗಿಯುವುದಿಲ್ಲ, ಟ್ಯಾಬಿನ ಮೇಲೂ ಮುಗಿಯುವುದಿಲ್ಲ, ಪ್ರೆಸ್ಸಿನಿಂದ ಹೊರಬಂದ ಮೇಲೆ ಮುಗಿಯುತ್ತದೆ. ನಿಮ್ಮ ಮಗಳು ಈಗಲೇ ತಿಳಿದಿರಬೇಕಾದ ಸಂಗತಿ ಇದು, ಯಾಕೆಂದರೆ ಟ್ಯಾಬು ಕೈಗೆ ಬಂದವರು ಮೊದಲು ಎಡವುವುದು ಇಲ್ಲೇ.

ನಾನೂ ಎಡವಿದ್ದೇನೆ. ನಾಟಿ ಮುಗಿದ ಗದ್ದೆಯ ಹಸಿರನ್ನು ತೆರೆಯ ಮೇಲೆ ಬರೆದಿದ್ದೆ. ನಮ್ಮ ಕಡೆಯ ಹಸಿರು ನಿಮಗೆ ಹೇಳಬೇಕಾಗಿಲ್ಲ, ಕಣ್ಣು ಕೋರೈಸುವ ಎಳೆ ಹಸಿರು. ಅಚ್ಚಾಗಿ ಬಂದಾಗ ಅದು ಹಾವಸೆಯ ಬಣ್ಣವಾಗಿತ್ತು. ತಪ್ಪು ನನ್ನದೇ. ತೆರೆ ಬಣ್ಣ ತೋರಿಸುವುದು ಕೆಂಪು, ಹಸಿರು, ನೀಲಿ ಬೆಳಕನ್ನು ಬೆರೆಸಿ. ಆಫ್‌ಸೆಟ್ ಯಂತ್ರ ಮುದ್ರಿಸುವುದು ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳಲ್ಲಿ. ಬೆಳಕಿನಲ್ಲಿ ಸಾಧ್ಯವಾಗುವ ಕೆಲವು ಹಸಿರು, ಕೆಲವು ನೀಲಿ ಈ ಶಾಯಿಗಳಲ್ಲಿ ಹುಟ್ಟುವುದೇ ಇಲ್ಲ. ಅನುಭವಿ ಕಲಾವಿದರು ಶುರುವಿನಲ್ಲೇ ಅಚ್ಚಿನ ಬಣ್ಣಗಳ ಲೆಕ್ಕದಲ್ಲಿ ಕೆಲಸ ಮಾಡುತ್ತಾರೆ, ಒಂದು ಪ್ರೂಫ್ ತೆಗೆಸಿ ನೋಡುತ್ತಾರೆ.

ಅಳತೆಯೂ ಹಾಗೆಯೇ. ಚೆನ್ನಾಗಿ ಅಚ್ಚಾಗಲು ಇಂಚಿಗೆ 300 ಚುಕ್ಕೆ ಬೇಕು. ಎ4 ಪುಟಕ್ಕೆ 2480 x 3508 ಪಿಕ್ಸೆಲ್ ಆಯಿತು. 1080 ಪಿಕ್ಸೆಲ್ ಅಗಲದಲ್ಲಿ ಮೊಬೈಲಿನ ಮೇಲೆ ಬರೆದ ಚಿತ್ರ ಎಷ್ಟೇ ಮುದ್ದಾಗಿದ್ದರೂ ಪುಸ್ತಕದಲ್ಲಿ ಮೂರೂವರೆ ಇಂಚಿಗಿಂತ ಹೆಚ್ಚು ಅಗಲವಾಗಿ ನಿಲ್ಲಲಾರದು. ಅಂಚು ಕತ್ತರಿಸುವಾಗ ಬಿಳಿ ಎಳೆ ಉಳಿಯದಿರಲೆಂದು ಸುತ್ತ 3 ಮಿಲಿಮೀಟರ್ ಹೆಚ್ಚುವರಿ ಬರೆಯುವುದು, ಎರಡು ಪುಟ ಕೂಡುವ ಮಡಿಕೆಯಲ್ಲಿ ಯಾರ ಮುಖವೂ ಬೀಳದಂತೆ ನೋಡುವುದು, ಇವೆಲ್ಲ ಕಾಗದದವರಿಗೂ ಟ್ಯಾಬಿನವರಿಗೂ ಒಂದೇ.

ಮಕ್ಕಳ ಪುಸ್ತಕಕ್ಕೇ ವಿಶೇಷವಾದ ಇನ್ನೊಂದು ಕಟ್ಟುಪಾಡಿದೆ. ನಮ್ಮ ದೇಶದಲ್ಲಿ ಒಂದೇ ಚಿತ್ರಪುಸ್ತಕ ಹಲವು ಭಾಷೆಗಳಲ್ಲಿ ಬರುತ್ತದೆ. ಚಿತ್ರದ ಬಣ್ಣಗಳ ಪ್ಲೇಟು ಹಾಗೇ ಇದ್ದು, ಅಕ್ಷರವಿರುವ ಕಪ್ಪು ಪ್ಲೇಟು ಮಾತ್ರ ಬದಲಾದರೆ ಖರ್ಚು ಉಳಿಯುತ್ತದೆ. ಹಾಗಾಗಿ ಚಿತ್ರದೊಳಗೆ ಅಕ್ಷರ ಬರೆಯಬೇಡಿ ಎಂದು ಪ್ರಕಾಶಕರು ಮೊದಲೇ ಹೇಳುತ್ತಾರೆ. ಬಸ್ಸಿಗೆ ಬೋರ್ಡು ಇರುತ್ತದೆ, ಬೋರ್ಡಿನಲ್ಲಿ ಊರಿನ ಹೆಸರಿರುವುದಿಲ್ಲ. ಚಿತ್ರದ ಕಿರಾಣಿ ಅಂಗಡಿಗಳಿಗೆ ಹೆಸರೇ ಇಲ್ಲದಿರುವುದನ್ನು ನಿಮ್ಮ ಮಗಳು ಗಮನಿಸಿರಬಹುದು. ಪಠ್ಯಕ್ಕೆ ಬಿಡುವ ಜಾಗದ ವಿಷಯವೂ ಇದೆ. ಕನ್ನಡಕ್ಕೆ ಒತ್ತಕ್ಷರಗಳಿವೆ, ಅವು ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷಿನ ಸಾಲಿಗೆ ಬಿಟ್ಟಷ್ಟೇ ಜಾಗ ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ, ಓದಲು ಕಲಿಯುವ ಮಗು ತಡವರಿಸುತ್ತದೆ. ಕನ್ನಡವನ್ನು ಮನಸ್ಸಿನಲ್ಲಿಟ್ಟುಕೊಂಡ ಚಿತ್ರಕಾರರು ಆಕಾಶವನ್ನು ಸ್ವಲ್ಪ ಹೆಚ್ಚೇ ಬಿಡುತ್ತಾರೆ. ಇದು ನಮ್ಮ ಪುಸ್ತಕಗಳಲ್ಲಿ ಎಷ್ಟೋ ಸಲ ಅಲಕ್ಷ್ಯವಾಗಿರುವುದು ನನಗೆ ನೋವಿನ ಸಂಗತಿ.

ಇನ್ನು ಕೈ ಮತ್ತು ಯಂತ್ರ ಎರಡನ್ನೂ ಬೆರೆಸುವವರ ಬಗ್ಗೆ. ಅಮೆರಿಕದ ಎರಿಕ್ ಕಾರ್ಲ್ 1969ರಲ್ಲಿ ಹಸಿದ ಕಂಬಳಿಹುಳದ ಪ್ರಸಿದ್ಧ ಪುಸ್ತಕ ಮಾಡಿದಾಗ ತೆಳು ಟಿಶ್ಯೂ ಕಾಗದಕ್ಕೆ ತಾವೇ ಬಣ್ಣ ಬಳಿದು, ಕತ್ತರಿಸಿ, ಅಂಟಿಸಿದರು. ಇವತ್ತು ಅದೇ ಜಾಣ್ಮೆ ಸ್ಕ್ಯಾನರಿನ ಜೊತೆ ನಡೆಯುತ್ತದೆ. ಕೆನಡಾ ಮೂಲದ ಜಾನ್ ಕ್ಲಾಸೆನ್ ಅವರ, ಟೋಪಿ ಕಳೆದುಕೊಂಡ ಕರಡಿಯ ಪುಸ್ತಕ 2011ರದು. ಅದರ ಚಿತ್ರಗಳು ಚೀನೀ ಶಾಯಿ ಮತ್ತು ಡಿಜಿಟಲ್ ಎರಡರಿಂದಲೂ ಆದವು. ಕಾಗದದ ಮೇಲೆ ಶಾಯಿ ತಾನಾಗಿ ಹರಡಿ ಮಾಡುವ ಕಲೆ, ಒಣ ಕುಂಚದ ಗೀರು, ಇವು ಕೈ ಪೂರ್ತಿ ಹಿಡಿತದಲ್ಲಿಟ್ಟುಕೊಳ್ಳಲಾಗದ ಸೊಗಸು. ಅದನ್ನು ಕಾಗದದಲ್ಲಿ ಪಡೆದು, ಜೋಡಣೆಯನ್ನು ಕಂಪ್ಯೂಟರಿನಲ್ಲಿ ಮಾಡುವುದು ಈಗ ಬಹಳ ಕಡೆ ನಡೆಯುವ ದಾರಿ. ತಂತ್ರಾಂಶಗಳಲ್ಲಿ ಜಲವರ್ಣದಂತೆ ಕಾಣುವ ಸಿದ್ಧ ಕುಂಚಗಳು ನೂರಾರು ಇವೆ. ಒಂದೇ ಕುಂಚವನ್ನು ಸಾವಿರ ಜನ ಬಳಸಿದಾಗ ಸಾವಿರ ಪುಸ್ತಕಗಳು ಒಂದೇ ಮನೆಯ ಮಕ್ಕಳಂತೆ ಕಾಣತೊಡಗುತ್ತವೆ. ನಿಮ್ಮ ಮಗಳ ಹತ್ತಿರ ಇರುವ ಪುಂಡಿನಾರಿನ ಎಳೆ ಆ ಸಿದ್ಧ ಕುಂಚಗಳ ಪಟ್ಟಿಯಲ್ಲಿ ಸಿಗುವುದಿಲ್ಲ. ಅವಳು ಅದನ್ನು ಬರೆದು ಸ್ಕ್ಯಾನ್ ಮಾಡಿದರೆ ತನ್ನದೇ ಕುಂಚವನ್ನು ಟ್ಯಾಬಿನೊಳಗೂ ಮಾಡಿಕೊಳ್ಳಬಹುದು.

ಗೋಡೆಯ ಚಿತ್ರ ಪುಸ್ತಕಕ್ಕೆ ಬಂದ ಉದಾಹರಣೆ ಬೇಕಾದರೆ ಮಧ್ಯಪ್ರದೇಶದ ಗೊಂಡರತ್ತ ನೋಡಬೇಕು. ಅವರೂ ಮನೆಯ ಗೋಡೆ, ನೆಲದ ಮೇಲೆ ಬರೆಯುತ್ತಿದ್ದವರು. 1980ರ ದಶಕದಲ್ಲಿ ಜನಗಢ ಸಿಂಗ್ ಶ್ಯಾಮ್ ಭೋಪಾಲದ ಭಾರತ ಭವನದಲ್ಲಿ ಆ ಕಲೆಯನ್ನು ಕಾಗದಕ್ಕೆ, ಕ್ಯಾನ್ವಾಸಿಗೆ ತಂದರು. 2006ರಲ್ಲಿ ಚೆನ್ನೈನ ತಾರಾ ಬುಕ್ಸ್, ಭಜ್ಜು ಶ್ಯಾಮ್, ದುರ್ಗಾಬಾಯಿ, ರಾಮ್ ಸಿಂಗ್ ಉರ್ವೇತಿ ಈ ಮೂವರ ಮರಗಳ ಚಿತ್ರಗಳನ್ನು 'ದಿ ನೈಟ್ ಲೈಫ್ ಆಫ್ ಟ್ರೀಸ್' ಎಂಬ ಪುಸ್ತಕವಾಗಿ ತಂದಿತು. ಕಪ್ಪು ಕೈಕಾಗದದ ಮೇಲೆ, ಒಂದೊಂದು ಬಣ್ಣಕ್ಕೂ ಒಂದೊಂದು ಪರದೆ ಹಿಡಿದು, ಕೈಯಲ್ಲೇ ಸ್ಕ್ರೀನ್ ಪ್ರಿಂಟ್ ಮಾಡಿದ ಪುಸ್ತಕ ಅದು. 2008ರಲ್ಲಿ ಇಟಲಿಯ ಬೊಲೋನ್ಯಾದ ಮಕ್ಕಳ ಪುಸ್ತಕ ಮೇಳದಲ್ಲಿ ಪ್ರಶಸ್ತಿ ಪಡೆಯಿತು. ನಾಲ್ಕೇ ಬಣ್ಣದ ಚಿತ್ತಾರಕ್ಕೆ ಸ್ಕ್ರೀನ್ ಪ್ರಿಂಟು ಹೇಳಿ ಮಾಡಿಸಿದ ಹಾಗಿದೆ ಎಂಬುದು ನನ್ನ ಬಹುದಿನದ ಯೋಚನೆ.

ಟ್ಯಾಬಿನ ಪ್ರಶ್ನೆಗೆ ಬರುತ್ತೇನೆ. ಈ ವರ್ಷ ಬೇಡ. ಏಳನೇ ತರಗತಿಯ ಕೈಗೆ ಅನ್‌ಡೂ ಬೇಗ ಸಿಕ್ಕಿದರೆ ಗೆರೆ ಎಳೆಯುವ ಮೊದಲು ಯೋಚಿಸುವ ಅಭ್ಯಾಸ ಸಡಿಲವಾಗುತ್ತದೆ. ಅಜ್ಜಿಯಿಂದ ಅವಳು ಕಲಿಯುತ್ತಿರುವುದು ಅದನ್ನೇ, ಅದನ್ನು ಕಲಿಸುವ ಬೇರೆ ಶಾಲೆ ನನಗೆ ಗೊತ್ತಿಲ್ಲ. ಒಂದು ಗಟ್ಟಿ ಹಾಳೆಯ ಪುಸ್ತಕ, 2ಬಿ ಪೆನ್ಸಿಲು, ಒಂದು ಕಪ್ಪು ಶಾಯಿ ಕೊಡಿಸಿ. ರಜೆಯಲ್ಲಿ ಗುಡವಿ ಪಕ್ಷಿಧಾಮಕ್ಕೆ ಕರೆದುಕೊಂಡು ಹೋಗಿ, ಬೆಳ್ಳಕ್ಕಿ ನೀರುಕಾಗೆಗಳನ್ನು ಕೂತಲ್ಲೇ ಬರೆಯಲಿ. ಹಾರುವ ಹಕ್ಕಿ ಕಾಯುವುದಿಲ್ಲ, ಅದನ್ನು ನಾಲ್ಕು ಗೆರೆಯಲ್ಲಿ ಹಿಡಿಯಲು ಕಲಿತ ಕೈ ಮುಂದೆ ಯಾವ ತೆರೆಯ ಮೇಲೂ ಬರೆಯುತ್ತದೆ.

ಹೈಸ್ಕೂಲಿಗೆ ಬಂದ ಮೇಲೆ ದುಬಾರಿಯ ಐಪ್ಯಾಡೇ ಆಗಬೇಕೆಂದಿಲ್ಲ. ಮನೆಯಲ್ಲಿ ಹಳೆಯ ಕಂಪ್ಯೂಟರ್ ಇದ್ದರೆ ಕ್ರಿತಾ ಎಂಬ ಚಿತ್ರದ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಅದಕ್ಕೆ ತೆರೆಯಿಲ್ಲದ, ಪೆನ್ನಿರುವ ಸಾಧಾರಣ ಪೆನ್ ಟ್ಯಾಬ್ಲೆಟ್ ಜೋಡಿಸಿದರೆ ಸಾಕು. ಮೊದಲ ಕೆಲವು ವಾರ ಕೈ ಮೇಜಿನ ಮೇಲೆ, ಕಣ್ಣು ತೆರೆಯ ಮೇಲೆ ಇರುವುದರಿಂದ ಗೆರೆ ಸೊಟ್ಟ ಹೋಗುತ್ತದೆ, ಆಮೇಲೆ ಕೂಡಿಕೊಳ್ಳುತ್ತದೆ. ಅಲ್ಲಿಯವರೆಗೆ ಪುಸ್ತಕ ನೋಡಲು ಮೊಬೈಲು ಸಾಕು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳನ್ನು ಉಚಿತವಾಗಿ ಓದಬಹುದು. ಚಿತ್ರವನ್ನು ದೊಡ್ಡದು ಮಾಡಿ, ಕಾಗದದ ತರಿ ಕಾಣುತ್ತದೆಯೇ, ಬಣ್ಣದ ಅಂಚು ನೀರು ಕಟ್ಟಿದಂತಿದೆಯೇ, ಎಲ್ಲಿ ಕೈ, ಎಲ್ಲಿ ಯಂತ್ರ ಎಂದು ಮಗಳು, ಅಣ್ಣ ಇಬ್ಬರೂ ಕೂತು ಹುಡುಕಲಿ.

ಕೊನೆಯದಾಗಿ ಒಂದು ಕೆಲಸದ ಮಾತು. ಅವಳು ಚಿತ್ತಾರವನ್ನು ಕಾಗದದ ಮೇಲೆ ಬರೆದರೆ ಆನವಟ್ಟಿಯಲ್ಲೋ ಸೊರಬದಲ್ಲೋ ಝೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿ, 600 ಡಿಪಿಐ ಇಡಲು ಹೇಳಿ. ಸ್ಕ್ಯಾನ್ ಆಗದಷ್ಟು ದೊಡ್ಡದಿದ್ದರೆ ಬೆಳಗಿನ ಹೊತ್ತು ಬಿಸಿಲು ನೇರ ಬೀಳದ ಜಗುಲಿಯಲ್ಲಿ ನೆಟ್ಟಗೆ ನಿಲ್ಲಿಸಿ ಫೋಟೋ ತೆಗೆಯಿರಿ. ಯಂತ್ರದ ಕಣ್ಣಿಗೆ ಕೆಮ್ಮಣ್ಣು ಇಟ್ಟಿಗೆಯ ಕೆಂಪಾಗಿಯೋ ಕಂದಾಗಿಯೋ ಕಾಣುವುದುಂಟು. ಅದಕ್ಕಾಗಿ ಅದೇ ಮಣ್ಣನ್ನು ಅಂಗೈಯಗಲದ ಒಂದು ಚೂರು ಕಾಗದಕ್ಕೆ ಬಳಿದು, ಒಣಗಿಸಿ, ಹಿಂದೆ ತಾರೀಖು ಬರೆದು ಪುಸ್ತಕದೊಳಗೆ ಇಟ್ಟಿರಲಿ. ಮುಂದೊಂದು ದಿನ ಪ್ರೆಸ್ಸಿನಿಂದ ಪ್ರೂಫ್ ಬಂದಾಗ ಆ ಚೂರನ್ನು ಪಕ್ಕದಲ್ಲಿಟ್ಟು, ಹಗಲಿನ ಬೆಳಕಿನಲ್ಲಿ, ಅಜ್ಜಿಗೆ ತೋರಿಸಿ ಕೇಳಲಿ.